ಒಂಬತ್ತು ಸಲ ಬಿಟ್ಟುಹೋದವಳು

ಪಂಪು ರಿಪೇರಿಯವನು ಹಾಡು ಕಟ್ಟುವುದರಲ್ಲಿ ಎತ್ತಿದ ಕೈ. ಆದರೆ ಕಟ್ಟಿದ ಹಾಡಿನಲ್ಲೆಲ್ಲ ಹೆಂಡತಿ ಅವನನ್ನು ಬಿಟ್ಟುಹೋಗಿರುತ್ತಿದ್ದಳು. ಅವನು ಹಾಡುತ್ತಿದ್ದ ಅಮೆರಿಕದ ಧಾಟಿ, ಕಂಟ್ರಿ ರಾಕ್ ಅಂದರೆ ಹಾಗೇ ಅಂತೆ: ಉದ್ದನೆಯ ರಸ್ತೆ, ಹಳೇ ಲಾರಿ, ಒಡೆದ ಎದೆ. ಲಾರಿ ಹಾಗಿರಲಿ, ಬಸ್ಸು ಎರಡು ತಿರುವು ತಿರುಗಿದರೆ ಸಾಕು, ಈ ಮಹಾಶಯನ ಹೊಟ್ಟೆ ತೊಳಸುತ್ತಿತ್ತು. ಹೆಂಡತಿಯೋ, ಮದುವೆಯಾದಾಗಿನಿಂದ ಮುಂದಿನ ಕೋಣೆಯ ಹೊಲಿಗೆ ಮಷಿನ್ ಬಿಟ್ಟು ಎಲ್ಲಿಗೂ ಹೋದವಳಲ್ಲ.

ಹಾಡು ಹಿತ್ತಲಿನ ಶೆಡ್ಡಿನಲ್ಲೇ ಇದ್ದಷ್ಟು ದಿನ ಅವಳು ತಲೆ ಕೆಡಿಸಿಕೊಂಡಿರಲಿಲ್ಲ. ಈಗ ಅವನೂ ಗೆಳೆಯರೂ ಕಟ್ಟಿಕೊಂಡ ಬ್ಯಾಂಡಿನ ಮೊದಲ ಆಲ್ಬಮ್ ಬರುವುದಿತ್ತು. ಒಂಬತ್ತು ಹಾಡುಗಳಲ್ಲಿ ಎಂಟರ ರೆಕಾರ್ಡಿಂಗ್ ಮುಗಿದಿತ್ತು. ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುವ ಕ್ಷೌರಿಕ ಆ ಎಂಟನ್ನೂ ತನ್ನ ಅಂಗಡಿಯಲ್ಲಿ ಹಾಕಿದ್ದೇ ಹಾಕಿದ್ದು. ಮುಖಕ್ಕೆ ನೊರೆ ಬಳಿಸಿಕೊಂಡು ಕೂತವರು ಎದ್ದು ಹೋಗುವ ಹಾಗಿರಲಿಲ್ಲ, ಪೂರ್ತಿ ಕೇಳಿ ಮನೆಗೆ ಹೋಗಿ ಹೆಂಡಂದಿರಿಗೆ ವರದಿ ಒಪ್ಪಿಸಿದರು. ರವಿಕೆಗೆ ಅಳತೆ ಕೊಡಲು ಬಂದ ಹೆಂಗಸರು ಹೊಲಿಯುವ ಇವಳ ಮುಖವನ್ನೇ ಅಳೆಯತೊಡಗಿದರು. ಅತ್ತೆ ಫೋನು ಮಾಡಿ, ನನ್ನ ಮಗ ಸ್ವಲ್ಪ ಪೆದ್ದ ನಿಜ, ಆದರೂ ಬಿಡಬೇಡಮ್ಮ ಎಂದು ಅತ್ತರು. ಅವಳ ಮೈಯೆಲ್ಲ ಉರಿದುಹೋಯಿತು.

ಒಂದೇ ಒಂದು ಹಾಡಿನಲ್ಲಾದರೂ ನನ್ನನ್ನು ಮನೆಯಲ್ಲಿ ಇರಿಸಿ ಎಂದು ಗಂಡನನ್ನು ಕೇಳಿದಳು. ಅವನು ಕೂತ, ಎದ್ದ, ಗಿಟಾರಿನ ತಂತಿ ಬಿಗಿ ಮಾಡಿದ, ಸಡಿಲ ಮಾಡಿದ. ಕೊನೆಗೆ ಹುಟ್ಟಿದ್ದು, ನಲ್ಲಿಯಲ್ಲಿ ನೀರು ಚೆನ್ನಾಗಿ ಬರುತ್ತಿದೆ ಎಂಬ ಒಂದು ಸಾಲು.

“ಸುಖ ರಾಗಕ್ಕೆ ಕೂರಲ್ಲ ಕಣೆ,” ಎಂದ, ತಲೆ ಕೆರೆದುಕೊಳ್ಳುತ್ತ.

ಅವಳಿಗೆ ನಿಜವಾಗಿ ನೋವಾಯಿತು. ಇಷ್ಟು ವರ್ಷ ಜೊತೆಗಿದ್ದದ್ದು ಒಂದು ಹಾಡಿಗೂ ಸಾಲದೇ ಹೋಯಿತಲ್ಲ ಎನಿಸಿತು. ಮರುದಿನವೇ ಚೀಲಕ್ಕೆ ಬಟ್ಟೆ ತುಂಬಿಕೊಂಡು ಬಾಗಿಲಲ್ಲಿ ನಿಂತಳು.

“ಅಕ್ಕನ ಮನೆಗೆ ಹೋಗ್ತಿದ್ದೀನಿ ರೀ. ಈಗ ನಿಜವಾಗ್ಲೂ ಬಿಟ್ಟುಹೋದೆ. ಒಂಬತ್ತನೇದು ಚೆನ್ನಾಗಿ ಬರಲಿ.”

ಅಕ್ಕನ ಮನೆಯಲ್ಲಿ ಅವಳ ಸಿಟ್ಟಿಗೆ ಸಿಗಬೇಕಾದ ಮರ್ಯಾದೆ ಸಿಗಲಿಲ್ಲ. ಫೋನು ಸದ್ದು ಮಾಡಿದಾಗಲೆಲ್ಲ ಯಾಕೆ ಓಡುತ್ತೀಯ ಎಂದು ಅಕ್ಕ ಕಾಲೆಳೆದಳು. ವಾರ ತುಂಬುವ ಮೊದಲೇ ಪಂಪು ರಿಪೇರಿಯವನು ಬಸ್ಸಿಳಿದು ಬಂದ. ಮುಖ ಬಿಳಿಚಿಕೊಂಡಿತ್ತು, ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತೇ ಸಂಗತಿ ಹೇಳಿದ. ಕೊನೆಯ ಹಾಡಿಗೆ ಮೂರು ದಿನ ಹೆಣಗಿದ್ದಾಯಿತಂತೆ. ‘ಹೋದಳು’ ಎಂಬಲ್ಲಿಗೆ ಬಂದರೆ ಗಂಟಲು ಕಟ್ಟಿಕೊಳ್ಳುತ್ತದಂತೆ. ನಾಳೆ ಆಗದಿದ್ದರೆ ಆಲ್ಬಮ್ ಅಲ್ಲಿಗೇ ನಿಂತಂತೆ.

ಚೆನ್ನಾಗಾಯಿತು ಎನ್ನಬೇಕೆಂದು ಬಾಯಿ ತೆರೆದಳು.

“ನೀನು ಆಚೆ ಕೋಣೇಲಿ ಮಷಿನ್ ತುಳೀತಿದ್ರೆ ಮಾತ್ರ ನೀನು ಹೋದೆ ಅಂತ ಹಾಡೋಕೆ ಧೈರ್ಯ ಬರತ್ತೆ,” ಎಂದ ಅವನು. “ನಿಜವಾಗಿ ಹೋದ್ರೆ ಹಾಡೋನೆಲ್ಲಿ ಉಳೀತಾನೆ?”

ಅವಳು ಚೀಲ ತರಲು ಒಳಗೆ ಹೋದಳು. ಕಣ್ಣು ಒರೆಸಿಕೊಂಡದ್ದನ್ನು ಅಕ್ಕ ನೋಡಿಬಿಟ್ಟಳು.

ಮರುದಿನ ರೆಕಾರ್ಡಿಂಗ್ ಕೋಣೆಯ ಗಾಜಿನಾಚೆ, ಅವನಿಗೆ ಎದುರಾಗಿ, ಅವಳಿಗೊಂದು ಕುರ್ಚಿ ಹಾಕಿದರು. ಅವನು ಕಣ್ಣು ಮುಚ್ಚಿ, ಎದೆ ಬಿರಿಯುವಂತೆ, ಅವಳು ಹೋದಳು, ಇನ್ನು ಬಾರಳು ಎಂದು ಹಾಡಿದ. ಸಾಲು ಮುಗಿದಾಗಲೆಲ್ಲ ಒಂದು ಕಣ್ಣು ತೆರೆದು, ಕೂತಿದ್ದಾಳಾ ಎಂದು ನೋಡಿಕೊಂಡ.