ನನ್ನ ನಳಿಗೆ ನೆಟ್ಟಗಿದೆ

ನಾನೊಂದು ಕೋವಿ. ಜೋಡಿ ನಳಿಗೆಯ ತೋಟಾ ಕೋವಿ. ಕೋವಿ ತನ್ನ ಕಥೆ ಹೇಳುತ್ತದೆ ಅಂದ ಕೂಡಲೇ ನೀವೆಲ್ಲ ಹುಲಿ ಎಲ್ಲಿ, ಕಾಡುಹಂದಿ ಎಲ್ಲಿ ಅಂತ ಕೇಳುವವರೇ. ಹುಲಿ ಇಲ್ಲ. ಒಂದು ತೆಂಗಿನಕಾಯಿ ಇದೆ. ಬೇಕಿದ್ದರೆ ಕೇಳಿ, ಬೇಡವಾದರೆ ಎದ್ದು ಹೋಗಿ. ನನ್ನ ಮಾತು ಕೇಳದವರ ನಡುವೆಯೇ ಬದುಕಿ ನನಗೆ ಅಭ್ಯಾಸವಾಗಿದೆ.

ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ಉಕ್ಕು ಕೊರೆದು ನಳಿಗೆ ಮಾಡಿದರು, ಅಕ್ರೋಟಿನ ಮರ ಕೆತ್ತಿ ಹಿಡಿ ಮಾಡಿದರು. ಕೊನೆಗೆ ದಪ್ಪ ಕನ್ನಡಕದ ಒಬ್ಬಾತ ನನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು, ನಳಿಗೆಯೊಳಗೆ ಇಣುಕಿ, ಬಹಳ ಹೊತ್ತು ನೋಡಿ, "ನೆಟ್ಟಗಿದೆ" ಎಂದು ಮುದ್ರೆ ಒತ್ತಿದ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ನನ್ನ ಬಗ್ಗೆ ಊರೆಲ್ಲ ಏನೇನೋ ಆಡಿಕೊಳ್ಳುತ್ತದೆ, ಆಗ ಬೇಕಾಗುತ್ತದೆ.

ಅಲ್ಲಿಂದ ಮಡಿಕೇರಿಯ ಒಂದು ಕೋವಿ ಅಂಗಡಿಗೆ ಬಂದೆ. ಗಾಜಿನ ಬೀರುವಿನಲ್ಲಿ ನಿಂತು ಬರುವವರ ಮುಖ ನೋಡುವುದೇ ಕೆಲಸ. ಬಂದವರೆಲ್ಲ ನನ್ನನ್ನು ಎತ್ತಿ, ಗೋಡೆಯ ಹಲ್ಲಿಗೆ ಗುರಿ ಹಿಡಿದು, "ಚೆನ್ನಾಗಿದೆ" ಅಂದು, ವಾಪಸು ಇಟ್ಟು ಹೋಗುತ್ತಿದ್ದರು. ಚೆನ್ನಾಗಿದ್ದರೆ ತೆಗೆದುಕೊಂಡು ಹೋಗಿ ಅಂತ ಕೂಗಬೇಕೆನಿಸುತ್ತಿತ್ತು.

ಒಂದು ದಿನ ಮಂದಪ್ಪನವರ ಸಂಸಾರ ಬಂತು. ಮಂದಪ್ಪ ಸೈನ್ಯದಲ್ಲಿ ಸುಬೇದಾರರಾಗಿದ್ದು ನಿವೃತ್ತರಾದವರು. ಮನೆತನದ ಹಳೇ ಕೋವಿ ಹಿರಿಯರ ಐನ್‌ಮನೆಯಲ್ಲಿ ಅಣ್ಣನ ಪಾಲಿಗೆ ಉಳಿದಿತ್ತು. ತೋಟದ ಅಂಚಿನಲ್ಲಿ ಕಟ್ಟಿದ ಹೊಸ ಮನೆಗೆ ಇನ್ನೂ ಕೋವಿ ಇರಲಿಲ್ಲ. ಜೊತೆಗೆ ಅವರ ಹೆಂಡತಿಯ ತಮ್ಮ ಕುಟ್ಟಯ್ಯ, ಸಲಹೆ ಕೊಡುವುದಕ್ಕೆಂದೇ ಹುಟ್ಟಿದ ಮನುಷ್ಯ. ಬಾಗಿಲ ಬಳಿ ಕೊಡೆ ಹಿಡಿದು ನಿಂತವಳು ಸೊಸೆ ದೇಚಮ್ಮ. ಅವಳ ಗಂಡ ಗಡಿಯಲ್ಲಿ ಡ್ಯೂಟಿಯಲ್ಲಿದ್ದ. ಅವಳ ಸೆರಗು ಹಿಡಿದು ಮಗಳು ಪೂವಿ. ಆ ವರ್ಷವೇ ಪೂವಿ ಸ್ಕೂಲಿಗೆ ಸೇರಿದ್ದಳು. ಮನೆಯಿಂದ ಟಾರ್ ರೋಡಿಗೆ ಕಾಫಿ ತೋಟದೊಳಗಿನ ಒಂದೇ ದಾರಿ, ಆ ದಾರಿಯಲ್ಲಿ ಹಲಸಿನ ಹಣ್ಣಿಗೆ ಆನೆ ಬರುತ್ತಿತ್ತು. ಆನೆಗೆ ಹೊಡೆಯುವಂತಿಲ್ಲ, ಹೊಡೆಯುವ ಮನಸ್ಸು ಯಾರಿಗೂ ಇಲ್ಲ. ಆಕಾಶಕ್ಕೊಂದು ಗುಂಡು ಹಾರಿಸಿ ಬೆದರಿಸುವುದಕ್ಕೆ ಕೋವಿ ಬೇಕಿತ್ತು. ಕೈಲ್‌ಪೊಳ್ದ್ ಅನ್ನುವ ಆಯುಧ ಪೂಜೆಯ ಹಬ್ಬದ ದಿನ ಮನೆಮಂದಿಯೆಲ್ಲ ಸೇರಿ ತೆಂಗಿನಕಾಯಿಗೆ ಗುಂಡು ಹೊಡೆಯುವುದಕ್ಕೂ ಬೇಕಿತ್ತು.

"ರಿವಾಲ್ವರ್ ತಗೊಳ್ಳಿ ಬಾವ," ಅಂದ ಕುಟ್ಟಯ್ಯ. "ಸೊಂಟಕ್ಕೆ ಸಿಕ್ಕಿಸಿಕೊಂಡರೆ ಆಯ್ತು."

"ಕಾಯಿಗೆ ಯಾವುದರಲ್ಲಿ ಹೊಡೆಯೋದು, ನಿನ್ನ ತಲೆಯಲ್ಲಾ?"

"ಹಾಗಾದರೆ ಸಣ್ಣ ರೈಫಲ್. ಕಾಯಿಗೆ ಅದೇ ಚೆಂದ."

"ಅದರ ಸದ್ದಿಗೆ ಆನೆ ಕಿವಿ ಕೂಡ ಅಲ್ಲಾಡಿಸಲ್ಲ."

ಹೀಗೆ ಕಾಫಿ ಎರಡು ಸಲ ತರಿಸಿ ಕುಡಿದು, ಅಂಗಡಿಯವನ ತಲೆ ತಿಂದು, ಕೊನೆಗೆ ಎರಡೂ ಕೆಲಸಕ್ಕೆ ಆಗುತ್ತದೆಂದು ನನ್ನ ಹತ್ತಿರ ಬಂದರು. ಮಂದಪ್ಪ ಎತ್ತಿ ನೋಡಿದರು. ಕುಟ್ಟಯ್ಯ ಎತ್ತಿ ನೋಡಿದ. ಅಂಗಡಿಗೆ ಬೇರೇನೋ ಕೊಳ್ಳಲು ಬಂದಿದ್ದ ಅಪರಿಚಿತನೂ ಎತ್ತಿ ನೋಡಿದ. ದೇಚಮ್ಮನ ಕೈಗೆ ಮಾತ್ರ ಯಾರೂ ಕೊಡಲಿಲ್ಲ.

"ಮಾವ, ಪೂವಿನ ರೋಡಿಗೆ ಬಿಡೋಳು ನಾನಲ್ವಾ? ನಾನೂ ಒಂದ್ಸಲ ನೋಡ್ತೀನಿ," ಅಂದಳು.

ಕೊಡೆ ಮಗಳ ಕೈಗೆ ಕೊಟ್ಟು ನನ್ನನ್ನು ಎತ್ತಿ, ಸೀದಾ ಎಡ ಭುಜಕ್ಕೆ ಇಟ್ಟಳು. ಅಬ್ಬ, ಆ ಕೂರುವಿಕೆ! ಮರಕ್ಕೆ ಕೆನ್ನೆ ತಾಗಿತು, ಅವಳ ಎಡಗಣ್ಣು ನನ್ನ ಬೆನ್ನಿನ ಮೇಲೆ ನೇರವಾಗಿ ಹರಿದು ತುದಿಯ ಮಣಿಯ ಮೇಲೆ ನಿಂತಿತು. ಕೆಲವರಿಗೆ ಎರಡು ಕಣ್ಣಿನಲ್ಲಿ ಎಡಗಣ್ಣೇ ಯಜಮಾನ. ಗುರಿ ಅಂದರೆ ಅದೇ ಮುಂದೆ ಬರುತ್ತದೆ. ಅಂಥವರು ಎಡ ಭುಜಕ್ಕೇ ಕೋವಿ ಇಡಬೇಕು. ಬಲಕ್ಕಿಟ್ಟರೆ ಎಡಗಣ್ಣು ಪಕ್ಕದಿಂದ ಇಣುಕಿ ಗುರಿ ಕೆಡಿಸುತ್ತದೆ. ನನ್ನ ಮೇಲಿಂದ ಯಾವ ಕಣ್ಣು ನೋಡುತ್ತಿದೆ ಅಂತ ನನಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು?

"ಎಡಕ್ಕೆ ಇಡ್ತಾರೇನಮ್ಮ?" ಅಂದರು ಮಂದಪ್ಪ.

"ನಮ್ಮನೇಲಿ ಅಪ್ಪ ಹೀಗೇ ಕಲಿಸಿದ್ದು ಮಾವ."

"ಅಲ್ಲಿ ಹೇಗೋ. ನಮ್ಮಲ್ಲಿ ದೇವರ ಮುಂದಿಟ್ಟು ತೆಗೆದ ಕೋವಿ ಎಡಕ್ಕೆ ಹೋಗಬಾರದು. ಬಲಕ್ಕಿಡು."

ದೇಚಮ್ಮ ಬಲಕ್ಕಿಟ್ಟಳು. ಎಡಗಣ್ಣು ಪಕ್ಕದಿಂದ ಇಣುಕಿತು. ನನ್ನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಮನೆಯಲ್ಲಿ ನನಗೊಂದು ಮರದ ಬೀರು ಸಿಕ್ಕಿತು. ಅದರ ಬೀಗದ ಕೈ ಮಂದಪ್ಪನವರ ಸೊಂಟದ ದಾರದಲ್ಲಿ. ತೋಟಾ ತೆಗೆಯದೆ ನನ್ನನ್ನು ಹೊಸ್ತಿಲು ದಾಟಿಸಿ ಒಳಗೆ ತರುತ್ತಿರಲಿಲ್ಲ, ಖಾಲಿ ಇದ್ದರೂ ಮನುಷ್ಯರ ಕಡೆ ತಿರುಗಿಸುತ್ತಿರಲಿಲ್ಲ. ಅಷ್ಟರ ಮಟ್ಟಿಗೆ ಅಪ್ಪಟ ಮನುಷ್ಯ. ಆದರೆ ಅವರ ಮನೆತನದಲ್ಲಿ ಇನ್ನೊಂದು ಕಟ್ಟಳೆಯಿತ್ತು. ಕೈಲ್‌ಪೊಳ್ದ್ ದಿನ ಊರ ಮಂದಿನಲ್ಲಿ, ಅಂದರೆ ಎಲ್ಲರೂ ಸೇರುವ ಆ ಹಸಿರು ಬಯಲಿನಲ್ಲಿ, ಎಲ್ಲರೆದುರು ಕಾಯಿ ಒಡೆದವರಿಗೆ ಮಾತ್ರ ಮನೆಯ ಕೋವಿ ಹೊರುವ ಹಕ್ಕು. ಮಗನಾದರೂ ಅಷ್ಟೇ, ಸೊಸೆಯಾದರೂ ಅಷ್ಟೇ.

ಹಾಗಾಗಿ ಬೆಳಿಗ್ಗೆ ಸಂಜೆ ನನ್ನನ್ನು ಹೆಗಲಿಗೇರಿಸಿ ಪೂವಿಯ ಮುಂದೆ ನಡೆಯುವವರು ಮಂದಪ್ಪ. ಅವರ ಮಂಡಿ ನೋವು ನನಗೆ ಹೆಜ್ಜೆ ಹೆಜ್ಜೆಗೂ ತಿಳಿಯುತ್ತಿತ್ತು. ಮಂಡಿ ಹಿಡಿದುಕೊಂಡ ದಿನ ಅವರು ಮನೆಯಲ್ಲಿ, ನಾನು ಬೀರುವಿನಲ್ಲಿ, ದೇಚಮ್ಮ ಮಗಳನ್ನು ಕಂಕುಳಿಗೆ ಒತ್ತಿಕೊಂಡು ಒಂದು ತಗಡಿನ ಡಬ್ಬ ಬಡಿಯುತ್ತ ಅದೇ ದಾರಿಯಲ್ಲಿ. ಅವಳು ವಾಪಸು ಬರುವವರೆಗೆ ಮಂದಪ್ಪ ಜಗಲಿಯಲ್ಲಿ ಕುಳಿತು ದಾರಿಯನ್ನೇ ನೋಡುತ್ತಿದ್ದರು. ಕೈ ಮಾತ್ರ ಬೀಗದ ಕೈ ಮೇಲಿಂದ ಏಳುತ್ತಿರಲಿಲ್ಲ. ಇಂಥ ಹಟಕ್ಕೆ ಏನು ಹೇಳೋಣ?

ಮೊದಲ ಕೈಲ್‌ಪೊಳ್ದ್ ಬಂತು. ನನ್ನನ್ನು ತಿಕ್ಕಿ, ಎಣ್ಣೆ ಹಚ್ಚಿ, ದೇವರ ಕೋಣೆಯಲ್ಲಿಟ್ಟು, ನಳಿಗೆಯ ಬಾಯಿಗೆ ಕೋವಿ ಹೂವು ಸಿಕ್ಕಿಸಿದರು. ಕೆಂಪು ಹಳದಿಯ ಚೆಂದದ ಹೂವೇ, ಆದರೆ ಮೂಗಿಗೆ ಹುಲ್ಲು ತುರುಕಿದ ಹಾಗೆ ನನಗೆ ಸೀನು ಬರುತ್ತದೆ. ಪೂಜೆ ಮುಗಿದು, ಅಕ್ಕಿಯ ಕಡುಂಬುಟ್ಟು, ಹಂದಿಮಾಂಸದ ಪಂದಿಕರಿ ತಿಂದು ಎಲ್ಲರೂ ಮಂದಿನ ಬಯಲಿಗೆ ನಡೆದರು. ಎತ್ತರದ ಮರಕ್ಕೆ ಕಾಯಿ ಕಟ್ಟಿದ್ದರು. ಸಣ್ಣ ಗುಂಡುಗಳು ಚದುರಿ ಹಾರುವ ಚರೆ ತೋಟಾದಲ್ಲಿ ಯಾರು ಬೇಕಾದರೂ ಒಡೆಯಬಹುದೆಂದು ಒಂಟಿ ಗುಂಡಿನ ತೋಟಾವೇ ಹಾಕಬೇಕೆಂಬುದು ಅಲ್ಲಿಯ ನಿಯಮ.

ಮಂದಪ್ಪ ಹೊಡೆದರು, ಕಾಯಿ ಚೂರಾಯಿತು. ಹೊಸ ಕಾಯಿ ಕಟ್ಟಿದರು. ದೇಚಮ್ಮ ಬಲ ಭುಜಕ್ಕಿಟ್ಟು ಹೊಡೆದಳು. ಗುಂಡು ಎಲ್ಲಿಗೋ ಹೋಯಿತು. ಇನ್ನೊಂದು ತೋಟಾ ಕೊಟ್ಟರು, ಅದೂ ಹೋಯಿತು.

"ಕೋವಿ ವಾರೆ ಇದೆ ಬಾವ," ಅಂದ ಕುಟ್ಟಯ್ಯ. "ಅಂಗಡಿಯಲ್ಲೇ ನನಗೆ ಡೌಟಿತ್ತು."

ನನಗೆ ಮೈಯೆಲ್ಲ ಉರಿಯಿತು. ಈಗ ತಾನೇ ಇದೇ ನಳಿಗೆ ಕಾಯಿ ಒಡೆದದ್ದು ಇವನ ಕಣ್ಣಿಗೆ ಬೀಳಲಿಲ್ಲವೇ? ಗುಂಪಿನಲ್ಲಿ ಇನ್ಯಾರೋ, "ಕೋವಿ ಏನು ಮಾಡುತ್ತೆ, ಹೆಂಗಸರ ಕೈ," ಅಂದರು. ಒಬ್ಬರಿಗೆ ನಾನು ತಪ್ಪು, ಇನ್ನೊಬ್ಬರಿಗೆ ಅವಳು ತಪ್ಪು. ಭುಜದ ಕಡೆ ನೋಡುವ ಪುಣ್ಯಾತ್ಮ ಒಬ್ಬನೂ ಇಲ್ಲ. ದೇಚಮ್ಮ ನನ್ನನ್ನು ಮಾವನ ಕೈಗೆ ಕೊಟ್ಟು, ಪೂವಿಯನ್ನು ಎತ್ತಿಕೊಂಡು ಹೆಂಗಸರ ಸಾಲಿಗೆ ಹೋಗಿ ನಿಂತಳು. ಅವಳ ಬೆವರು ನನ್ನ ಮರದ ಮೇಲೆ ಇನ್ನೂ ಇತ್ತು.

ಎರಡನೇ ವರ್ಷವೂ ಇದೇ ಹಾಡು. ಆ ವರ್ಷ ಅವಳು ಅಂಗಳದಲ್ಲಿ ಮಾವನ ಎದುರೇ ಖಾಲಿ ಕೋವಿ ಹಿಡಿದು ದಿನಾ ಅಭ್ಯಾಸ ಮಾಡಿದ್ದಳು, ಅದೂ ಬಲ ಭುಜಕ್ಕೇ. ತಪ್ಪನ್ನೇ ಅಷ್ಟು ಶ್ರದ್ಧೆಯಿಂದ ರೂಢಿ ಮಾಡಿಕೊಂಡವರನ್ನು ನಾನು ಬೇರೆ ಕಂಡಿಲ್ಲ. ಕಾಯಿ ಅಲ್ಲಾಡಲಿಲ್ಲ. ಪಾಪ, ಮಂದಪ್ಪನವರಿಗೂ ಬೇಸರವೇ. ಸೊಸೆ ಗೆಲ್ಲಲಿ ಅಂತ ಅವರಿಗೂ ಇತ್ತು. ಹಿಡಿ ಅವಳಿಗೆ ಉದ್ದವಾಯಿತೇನೋ ಎಂದು ನನ್ನನ್ನು ರಿಪೇರಿಯವನ ಹತ್ತಿರ ಒಯ್ದು ಹಿಂಬದಿಯ ಮರವನ್ನು ಎರಡು ಬೆರಳಷ್ಟು ಕೊಯ್ಯಿಸಿದರು. ಗರಗಸ ಆಡುವಾಗ ನಾನು ಆ ಕನ್ನಡಕದವನ ಮಾತು ನೆನೆಯುತ್ತಿದ್ದೆ. ನೆಟ್ಟಗಿದ್ದವನನ್ನು ಕೊಯ್ದರೆ ಯಾರಿಗೆ ಲಾಭ?

ಲಾಭ ಏನಾಯಿತು ಕೇಳಿ. ಗಿಡ್ಡಗಾದ ಹಿಡಿ ಮಂದಪ್ಪನವರ ಭುಜಕ್ಕೂ ಕೂರದೆ ಹೋಯಿತು. ತೋಟದಲ್ಲಿ ಪರೀಕ್ಷೆಗೆಂದು ಒಂದು ಡಬ್ಬಕ್ಕೆ ಹೊಡೆದರು, ತಪ್ಪಿತು. ಈಗಂತೂ ನಾನು ವಾರೆ ಎಂದು ಊರಿಗೇ ಖಾತ್ರಿಯಾಯಿತು. "ನಾನು ಒಂದು ಕೈ ನೋಡ್ತೀನಿ," ಎಂದು ಕುಟ್ಟಯ್ಯ ನನ್ನನ್ನು ತನ್ನ ಮನೆಗೆ ಒಯ್ದ, ತನ್ನದೊಂದು ಹಳೇ ಕೋವಿಯನ್ನು ಬಾವನಿಗೆ ಕೊಟ್ಟ. ಅವನ ಮನೆಯಲ್ಲಿ ಭತ್ತದ ಪತ್ತಾಯದ ಹಿಂದೆ, ಇಲಿಗಳ ಜೊತೆ ನನ್ನ ವಾಸ. ಒಂದು ದಿನ ಎತ್ತಿ ಹೊಡೆದ. ಹಿಡಿ ಗಿಡ್ಡವಲ್ಲವೇ, ಅವನ ಹೆಬ್ಬೆರಳೇ ಹಿಂದಕ್ಕೆ ಬಂದು ಮೂಗಿಗೆ ಬಡಿಯಿತು. ಮರುದಿನವೇ ಮೂಗಿಗೆ ಅರಿಶಿನ ಮೆತ್ತಿಕೊಂಡು ನನ್ನನ್ನು ತಂದು ಒಪ್ಪಿಸಿದ. ಜೀವನದಲ್ಲಿ ನನಗೆ ನಗು ಬಂದದ್ದು ಅದೊಂದು ಸಲ.

ಮೂರನೇ ವರ್ಷ, ಹಬ್ಬಕ್ಕೆ ಇನ್ನೂ ಸಮಯವಿರುವಾಗ, ಒಂದು ಬೆಳಿಗ್ಗೆ ಮಂದಪ್ಪ ನನ್ನನ್ನು ಹೊತ್ತು ಮುಂದೆ ನಡೆಯುತ್ತಿದ್ದರು. ಹಿಂದೆ ದೇಚಮ್ಮ, ಅವಳ ಕೈ ಹಿಡಿದು ಪೂವಿ. ಹಲಸಿನ ಮರದ ತಿರುವಿನಲ್ಲಿ ಒಂಟಿ ಸಲಗ ನಿಂತಿತ್ತು. ಮಂದಪ್ಪ ನನ್ನನ್ನು ಇಳಿಸಲು ಹೋದರು, ಮಂಡಿ ಕೈಕೊಟ್ಟಿತು. ಅವರು ಒಂದು ಕಡೆ, ಲಾಕ್ ಹಾಕಿದ್ದ ನಾನು ಒಂದು ಕಡೆ ತರಗೆಲೆಯ ಮೇಲೆ ಬಿದ್ದೆವು. ಆನೆ ಕಿವಿ ಅಗಲಿಸಿ ನಮ್ಮ ಕಡೆ ತಿರುಗಿತು.

ದೇಚಮ್ಮ ಪೂವಿಯನ್ನು ಮಾವನ ಬೆನ್ನ ಹಿಂದಕ್ಕೆ ತಳ್ಳಿ ನನ್ನನ್ನು ಎತ್ತಿಕೊಂಡಳು. ನಳಿಗೆ ಮಡಚಿ ತೋಟಾ ಇದೆಯೇ ನೋಡಿ, ಮುಚ್ಚಿ, ಲಾಕ್ ತೆಗೆದು ಭುಜಕ್ಕಿಟ್ಟಳು. ಎಡ ಭುಜಕ್ಕೆ. ಆ ಹೊತ್ತಿನಲ್ಲಿ ಅವಳಿಗೆ ಕಟ್ಟಳೆ ನೆನಪಾಗಲಿಲ್ಲ, ಅಪ್ಪ ಕಲಿಸಿದ್ದು ಮಾತ್ರ ಕೈಗೆ ಬಂತು. ಮುಖವೆತ್ತಿ ಮರಗಳ ನಡುವಿನ ಆಕಾಶಕ್ಕೆ ಒಂದು ಹಾರಿಸಿದಳು. ಆನೆ ಕದಲಲಿಲ್ಲ. ಇನ್ನೊಂದು ಹಾರಿಸಿದಳು. ಅದು ಸ್ವಲ್ಪ ಹೊತ್ತು ಯೋಚಿಸಿ, ಸೊಂಡಿಲು ಮಡಚಿ, ಕಾಫಿ ಗಿಡ ಮುರಿಯುತ್ತ ಕೆಳಗಿಳಿದು ಹೋಯಿತು. ನನ್ನೊಳಗೆ ಇನ್ನೇನೂ ಉಳಿದಿರಲಿಲ್ಲ. ಅವಳು ಮಾತ್ರ ಖಾಲಿ ಕೋವಿಯನ್ನು ಇಳಿಸದೆ ನಿಂತೇ ಇದ್ದಳು.

ಮಂದಪ್ಪ ನೆಲದಿಂದಲೇ ಕೇಳಿದರು, "ಎಡ ಭುಜವಾ?"

"ಹೂಂ ಮಾವ."

"ಹಾಗೆ ಹಿಡಿದರೆ ಕಾಯಿ ಕಾಣುತ್ತಾ ನಿನಗೆ?"

"ಹಾಗೆ ಹಿಡಿದರೇ ಕಾಣೋದು."

"ಮತ್ತೆ ಇಷ್ಟು ದಿನ ಬಾಯಿ ಬಿಡಲಿಲ್ಲವಲ್ಲ?"

"ಹೇಳಿದ್ದೆ. ಅಂಗಡಿಯಲ್ಲಿ."

ಮಂದಪ್ಪ ತಲೆ ತಗ್ಗಿಸಿ ಮಂಡಿ ನೀವಿಕೊಂಡರು. ಈಗಲಾದರೂ ಬೀಗದ ಕೈ ಕೊಡುತ್ತಾರೆಂದು ನಾನು ಕಾದೆ. ಮನೆ ಮುಟ್ಟಿದ ಮೇಲೆ ಎಂದಿನಂತೆ ನನ್ನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, "ಕೈಲ್‌ಪೊಳ್ದ್ ಬರಲಿ," ಅಂದರು. ನನಗೆ ಬಂದ ಸಿಟ್ಟಿಗೆ ತೋಟಾ ಇಲ್ಲದೆಯೇ ಸಿಡಿಯಬೇಕಿತ್ತು.

ಹಬ್ಬ ಬಂತು. ಮತ್ತೆ ಹೂವು, ಮತ್ತೆ ಸೀನು. ಮಂದಿನಲ್ಲಿ ಜನ ನೆರೆದಿದ್ದರು. ದೇಚಮ್ಮ ಮಾವನ ಮುಖ ನೋಡಿದಳು. ಮಂದಪ್ಪ ಅತ್ತ ತಿರುಗಿ, ಇಲ್ಲದ ಕೆಮ್ಮು ಕೆಮ್ಮಿದರು. ಅವಳು ನನ್ನನ್ನು ಎಡ ಭುಜಕ್ಕಿಟ್ಟಳು. ಹಿರಿಯರ ಸಾಲಿನಲ್ಲಿ ಗುಸುಗುಸು ಎದ್ದಿತು. "ಪೂಜೆ ಮಾಡಿದ ಕೋವಿ ಮಂದಪ್ಪ, ಎಡಕ್ಕಾ?" ಎಂದು ಒಬ್ಬರು ಕೇಳಿದರು. "ಅವಳು ಹೊಡೆಯಲಿ, ಆಮೇಲೆ ಮಾತಾಡಿ," ಅಂದರು ಮಂದಪ್ಪ. ಕೊಯ್ದ ಹಿಡಿ ಅವಳಿಗೆ ಹೇಳಿ ಮಾಡಿಸಿದಂತೆ ಕೂತಿತ್ತು. ಎಡಗಣ್ಣು ನನ್ನ ಬೆನ್ನ ಮೇಲಿಂದ ಹರಿದು, ಮಣಿ ದಾಟಿ, ಕಾಯಿಯ ಮೇಲೆ ನಿಂತಿತು. ಅವಳು ಉಸಿರು ಹಿಡಿದಳು, ನಾನೂ ಹಿಡಿದೆ. ಟ್ರಿಗರ್ ಎಳೆದಳು.

ಕಾಯಿ ಒಡೆದು ನೀರು ಚಿಮ್ಮಿತು. ಕಟ್ಟಿದ ಹಗ್ಗ ಮಾತ್ರ ತೂಗಾಡುತ್ತಿತ್ತು.

"ನೋಡಿ, ರಿಪೇರಿಯವನು ಎಷ್ಟು ಚೆನ್ನಾಗಿ ವಾರೆ ತೆಗೆದಿದ್ದಾನೆ," ಅಂದ ಕುಟ್ಟಯ್ಯ.

ಇಂಥವರಿಗೆ ಏನು ಹೇಳಿ ಏನು ಪ್ರಯೋಜನ?

ಮಂದಪ್ಪ ಎದ್ದು ಬಂದರು. ಸೊಂಟದ ದಾರದಿಂದ ಬೀಗದ ಕೈ ಬಿಚ್ಚಿದರು. ದೇಚಮ್ಮ, ಹಿರಿಯರು ಕೊಡುವುದನ್ನು ಹೇಗೆ ತೆಗೆದುಕೊಳ್ಳಬೇಕೋ ಹಾಗೆ, ತಲೆ ಬಾಗಿಸಿ ಬಲಗೈ ಚಾಚಿದಳು.

"ಆ ಕೈ ಬೇಡ," ಅಂದರು ಮಂದಪ್ಪ. "ಇನ್ನೊಂದು."

ಊರೆಲ್ಲ ನೋಡುತ್ತಿರುವಾಗ ಅವಳ ಎಡ ಅಂಗೈಯಲ್ಲಿ ಬೀಗದ ಕೈ ಇಟ್ಟು, ತಮ್ಮ ಎರಡೂ ಕೈಯಿಂದ ಅವಳ ಬೆರಳು ಮಡಚಿದರು. ಕ್ಷಮೆ ಕೇಳುವುದು ಸುಬೇದಾರರಿಗೆ ಬರುತ್ತಿರಲಿಲ್ಲ. ದೇಚಮ್ಮನಿಗೆ ಅಷ್ಟು ಸಾಕಾಯಿತು, ಅಲ್ಲೇ ಅತ್ತುಬಿಟ್ಟಳು.

ಆಮೇಲೆ ಬಹಳ ಕಾಲ ಆ ದಾರಿಯಲ್ಲಿ ನಾನು ಅವಳ ಹೆಗಲೇರಿ ನಡೆದೆ. ಮಂದಪ್ಪ ತೀರಿಕೊಂಡ ದಿನ, ಸಾವಿನ ಸುದ್ದಿ ಊರಿಗೆ ಮುಟ್ಟಿಸುವ ಜೋಡಿ ಗುಂಡನ್ನು ಅಂಗಳದಲ್ಲಿ ನಿಂತು ಹಾರಿಸಿದವಳೂ ಅವಳೇ. ಎಡಕ್ಕಿಟ್ಟಳೆಂದು ಅಂದು ಯಾರೂ ತುಟಿ ಬಿಚ್ಚಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಮರದಲ್ಲಿ ಸೀಳು ಬಿಟ್ಟಿದೆ, ಲಾಕು ಸಡಿಲವಾಗಿದೆ. ತೋಟಾ ಹಾಕುವುದನ್ನು ಬಿಟ್ಟಿದ್ದಾರೆ. ಹಬ್ಬಕ್ಕೆ ಹೂವು ಮಾತ್ರ ತಪ್ಪಿಲ್ಲ. ಮೊನ್ನೆ ಜಗಲಿಯಲ್ಲಿ ದೊಡ್ಡ ಗಲಾಟೆ. ಪೂವಿ ಬೆಳೆದು ದೊಡ್ಡವಳಾಗಿದ್ದಾಳೆ, ಅವಳಿಗೊಂದು ಕೋವಿ ಕೊಳ್ಳಬೇಕಂತೆ. ಮುದುಕನಾದ ಕುಟ್ಟಯ್ಯ ಇನ್ನೂ ರಿವಾಲ್ವರಿನ ಮಾತೇ ಆಡುತ್ತಿದ್ದ. ದೇಚಮ್ಮ ಅವನ ಮಾತು ಕಿವಿಗೆ ಹಾಕಿಕೊಳ್ಳದೆ ಬೀರು ತೆರೆದು, ನಳಿಗೆ ಮಡಚಿ ಖಾಲಿಯೆಂದು ತೋರಿಸಿ, ನನ್ನನ್ನು ಮಗಳ ಕೈಗಿಟ್ಟಳು.

"ಅಂಗಡಿಗೆ ಆಮೇಲೆ ಹೋಗೋಣ. ಮೊದಲು ಇದನ್ನು ಎತ್ತಿ ಆ ಮಾವಿನ ಮರಕ್ಕೆ ಹಿಡಿ ನೋಡೋಣ."

ಪೂವಿ ಎತ್ತಿ ಹಿಡಿದಳು, ಬಲ ಭುಜಕ್ಕೆ.

ದೇಚಮ್ಮನ ಎಡಗೈ ತಾನಾಗಿಯೇ ಮುಂದೆ ಬಂತು. "ಅಲ್ಲ ಮಗಳೇ, ಎಡ..." ಎನ್ನುವಷ್ಟರಲ್ಲಿ ಅವಳ ಬಾಯಿ ನಿಂತಿತು. ನನಗೆ ಮಾತ್ರ ಗೊತ್ತಿತ್ತು, ಪೂವಿಯ ಬಲಗಣ್ಣು ನನ್ನ ಬೆನ್ನ ಮೇಲೆ ನೇರವಾಗಿ ನಿಂತಿತ್ತು. ಇಷ್ಟು ವರ್ಷ ನನ್ನ ಮಾತು ಯಾರಿಗೂ ಕೇಳಿಸಿಲ್ಲ, ಆ ಹೊತ್ತಿನಲ್ಲೂ ಕೇಳಿಸಲಿಲ್ಲ. ದೇಚಮ್ಮ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು.

"ಮರ ಕಾಣುತ್ತಾ?" ಎಂದು ಕೇಳಿದಳು.

"ಕಾಣುತ್ತಮ್ಮ."

"ಹಾಗಾದರೆ ಹಾಗೇ ಹಿಡಿ," ಅಂದಳು ದೇಚಮ್ಮ.