ಅಳಿಯನ ಎಡಗೈ

ನಾಟಕ ತಂಡಕ್ಕೆ ಕೀಬೋರ್ಡ್ ನುಡಿಸುತ್ತಿದ್ದವನೊಬ್ಬ ತಾಲೀಮಿನ ಕೋಣೆಯ ಮೆಟ್ಟಿಲಲ್ಲಿ ಜಾರಿಬಿದ್ದ. ಬೀಳುವಾಗ ಹೆಗಲ ಮೇಲಿದ್ದ ವಾದ್ಯವನ್ನು ಉಳಿಸಲು ಹೋಗಿ ಎಡಗೈಯನ್ನು ಮೈಯಡಿಗೆ ಹಾಕಿಕೊಂಡ. ವಾದ್ಯಕ್ಕೆ ಒಂದು ಗೀರೂ ಬೀಳಲಿಲ್ಲ. ಕೈಯ ಮೂಳೆ ಕೂಡಿಕೊಂಡಿತಾದರೂ ನರಕ್ಕೆ ಪೆಟ್ಟಾಗಿ, ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಮುಟ್ಟುವುದನ್ನೇ ಮರೆತುಬಿಟ್ಟವು. ಸರಿಹೋಗುತ್ತದೆ, ಆದರೆ ನಿಧಾನ ಎಂದರು ವೈದ್ಯರು.

ಸ್ವರ ಒತ್ತಲು ಬಲಗೈಯೇ ಸಾಕಿತ್ತು. ಪೇಚಾಟವೆಲ್ಲ ವಾದ್ಯದ ಮುಂಫಲಕದ್ದು. ಅವನದು ಸಿಂಥಸೈಸರ್. ಬಲಗೈ ಸ್ವರ ಹಿಡಿದಿರುವಾಗ ಎಡಗೈ ಫಲಕದ ತಿರುಗುಗುಂಡಿಗಳನ್ನು ಆಡಿಸುತ್ತ ಅದಕ್ಕೆ ಬಣ್ಣ ಕಟ್ಟಬೇಕು. ಒಂದು ಗುಂಡಿ ದನಿಯನ್ನು ಮಬ್ಬಾಗಿಸುತ್ತದೆ ಇಲ್ಲವೇ ಬೆಳಗಿಸುತ್ತದೆ. ಇನ್ನೊಂದು, ಬೆರಳೆತ್ತಿದ ಮೇಲೂ ಅದನ್ನು ಉಳಿಸುತ್ತದೆ. ಗಾಳಿ, ದೂರದ ರೈಲು, ಬೆಳಗಾಗುವುದು ಎಲ್ಲವೂ ಅಲ್ಲಿಂದಲೇ ಹುಟ್ಟಬೇಕು.

ಗುಂಡಿ ತಿರುಗಿಸಲು ಇನ್ನೊಬ್ಬರ ಕೈ ಬೇಕಿತ್ತು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಪಾಳಿ ಬಿಟ್ಟು ಬರುವಂತಿರಲಿಲ್ಲ. ತಂಡದವರೆಲ್ಲ ಬಣ್ಣ ಹಚ್ಚಿಕೊಂಡು ರಂಗದ ಮೇಲಿರುವವರು. ಮನೆಯಲ್ಲಿ ಇನ್ನುಳಿದವರು ಅತ್ತೆ, ಹೆಂಡತಿಯ ತಾಯಿ. ಒಂದೇ ಸೂರಿನಡಿ ಇದ್ದರೂ ಅತ್ತೆ ಅಳಿಯಂದಿರ ಮಾತು ಊಟವಾಯಿತೇ ಎಂಬಲ್ಲಿ ಶುರುವಾಗಿ ಆಯಿತು ಎಂಬಲ್ಲಿ ಮುಗಿಯುತ್ತಿತ್ತು. ಅವನು ಅಭ್ಯಾಸಕ್ಕೆ ಕೂತರೆ ಆಕೆ ಸದ್ದಾಗದಂತೆ ತಮ್ಮ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಆಕೆ ಚಹಾ ತಂದಾಗ ಅಳಿಯ ಮೂಗು ಫಲಕಕ್ಕೆ ತಾಗುವಷ್ಟು ಬಗ್ಗಿ, ಗಲ್ಲದಿಂದ ಗುಂಡಿ ತಿರುಗಿಸಲು ಹೆಣಗುತ್ತಿದ್ದ. ಆಕೆಗೆ ನಗು ಬಂತು. ಅದರ ಹಿಂದೆಯೇ ಕರುಳು ಚುರುಕ್ಕೆಂದಿತು. ಲೋಟ ಕೆಳಗಿಟ್ಟು ಅವನ ಎಡಗಡೆಗೆ ಕುರ್ಚಿ ಎಳೆದುಕೊಂಡರು.

"ಯಾವ ಕಡೆ ತಿರುಗಿಸ್ಬೇಕು ಅಂತ ಹೇಳಿ," ಎಂದರು.

ಮೊದಮೊದಲು ಸೋರುವ ನಲ್ಲಿಯನ್ನು ಬಿಗಿಮಾಡುವಂತೆ ತಿರುಗಿಸಿಬಿಟ್ಟರು. ವಾದ್ಯ ಕಿರುಚಿಕೊಂಡಿತು, ಪಕ್ಕದ ಮನೆಯ ಕಿಟಕಿ ಧಡಾರನೆ ಮುಚ್ಚಿತು. ಗುಂಡಿಗಳ ಹೆಸರಿಗೆ ಆಕೆಯ ನಾಲಿಗೆ ಹೊರಳಲಿಲ್ಲವಾದ್ದರಿಂದ ತಾವೇ ಹೆಸರಿಟ್ಟರು: ದನಿ ಬೆಳಗಿಸುವುದು 'ಕದ', ಉಳಿಸುವುದು 'ಬಾಲ'. ಅಳಿಯ ತಲೆ ಎತ್ತಿದರೆ ಕದ ತೆರೆಯಬೇಕು, ತಗ್ಗಿಸಿದರೆ ಮುಚ್ಚಬೇಕು ಎಂದು ಮಾತಾಯಿತು. ತಂಡದ ತಾಲೀಮಿಗೂ ಬರತೊಡಗಿದ ಆಕೆ ಒಮ್ಮೆ ಬೇರೆ ಗುಂಡಿ ಒತ್ತಿ, ನಾಟಕದ ಯಜಮಾನ ಪ್ರಾಣಬಿಡುವ ದೃಶ್ಯದಲ್ಲಿ ಕಹಳೆ ಮೊಳಗಿತು. ಸತ್ತವನೇ ಎದ್ದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಅತ್ತೆ ಮುಖ ಕೆಂಪು ಮಾಡಿಕೊಂಡು ಇನ್ನು ಬರುವುದಿಲ್ಲ ಎಂದರು; ಮರುದಿನ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದರು.

ಪ್ರದರ್ಶನದ ಸಂಜೆ ಸಭಾಂಗಣ ತುಂಬಿತ್ತು. ಒಂದು ದೃಶ್ಯದಲ್ಲಿ ತಾಯಿ ಮಗಳಿಗಾಗಿ ಒಬ್ಬಳೇ ಕಾಯುತ್ತಾಳೆ, ಮಗಳು ಬಂದು ಬಾಗಿಲು ತಟ್ಟಬೇಕು. ಆದರೆ ಮಗಳ ಪಾತ್ರದವಳ ಸೆರಗು ಪರದೆಯ ಹಿಂದೆ ಮೊಳೆಗೆ ಸಿಕ್ಕಿಕೊಂಡಿತ್ತು. ಬಾಗಿಲು ತಟ್ಟುವ ಸದ್ದಿಲ್ಲ. ಅಳಿಯನ ಬಲಗೈ ಹಿಡಿದ ಸ್ವರವನ್ನು ಬಿಡುವಂತಿಲ್ಲ, ಮುಂದೇನೆಂದು ಯಾರೂ ಹೇಳಿಕೊಟ್ಟಿಲ್ಲ. ಅವನು ಅತ್ತೆಯ ಕಡೆ ನೋಡಿದ. ಆಕೆ ಇವನನ್ನು ನೋಡುತ್ತಲೇ ಇರಲಿಲ್ಲ. ಕಣ್ಣು ರಂಗದ ಮೇಲಿನ ತಾಯಿಯ ಮೇಲಿತ್ತು. ಕೈ ತಾನಾಗಿ ವಾದ್ಯದ 'ಕದ'ವನ್ನು ತುಸುತುಸುವೇ ತೆರೆಯಿತು. ದನಿ ಬೆಳಗಿ, ಯಾರೋ ಹತ್ತಿರ ಬಂದಂತಾಯಿತು. ಆಮೇಲೆ ಮೆಲ್ಲಗೆ ಮುಚ್ಚಿತು. ಬಂದವರು ಮುಂದೆ ಹೊರಟುಹೋದಂತಾಯಿತು. ಮತ್ತೆ ತೆರೆಯಿತು. ನಟಿ ಆ ದನಿಗೆ ಬಾಗಿಲವರೆಗೆ ಬಂದಳು, ನಿಂತಳು, ಹಿಂದೆ ಸರಿದಳು. ಸಭೆಯಲ್ಲಿ ಒಂದು ಕೆಮ್ಮೂ ಕೇಳಲಿಲ್ಲ. ಕೊನೆಗೂ ಬಾಗಿಲು ತಟ್ಟಿದ ಸದ್ದಾದಾಗ ಯಾರೋ ಬಿಕ್ಕಿದರು.

ಆಟ ಮುಗಿದ ಮೇಲೆ ನಿರ್ದೇಶಕಿ ಬಂದು ಆ ಕಾಯುವಿಕೆಯನ್ನು ಇನ್ನು ಹಾಗೆಯೇ ಇಟ್ಟುಕೊಳ್ಳೋಣ ಎಂದಳು. ತಂತಿಗಳನ್ನು ಸುತ್ತುತ್ತ ಅಳಿಯ ಕೇಳಿದ: "ಅದನ್ನ ನಾನು ಹೇಳ್ಕೊಟ್ಟಿರ್ಲಿಲ್ವಲ್ಲ ಅತ್ತೆ?"

"ಮಗಳು ಮೊದ್ಲ ಸಲ ಕೆಲಸಕ್ಕೆ ಹೋದಾಗ ನಾನೂ ಹಾಗೇ ಕಾದಿದ್ದೆ. ಬೀದೀಲಿ ಯಾರು ನಡೆದ್ರೂ ಅವಳೇ ಅನ್ಸೋದು."

ಅವನಿಗೆ ಕಣ್ಣು ತುಂಬಿಬಂತು. ಏನಾದರೂ ಹೇಳಬೇಕಿತ್ತು. "ಇಷ್ಟು ದಿನ ನೀವು ನನಗೆ ಕೈ ಕೊಟ್ಟಿದ್ದಕ್ಕೆ..." ಎಂದು ತಡವರಿಸಿದ.

"ಕೈ ಕೊಟ್ಟೆ ಅಂದ್ರೆ ಬೇರೆ ಅರ್ಥ ಆಗತ್ತಪ್ಪ," ಎಂದರು ಅತ್ತೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ತಿಂಗಳುಗಳು ಕಳೆದು ಅವನ ಬೆರಳುಗಳು ಒಂದನ್ನೊಂದು ಮುಟ್ಟತೊಡಗಿದವು. ಅವನು ತಾನೇ ಗುಂಡಿ ತಿರುಗಿಸುವುದನ್ನು ಕಂಡ ಅತ್ತೆ ಎದ್ದು ಅಡುಗೆಮನೆಗೆ ಹೋದರು. ಅವನು ಬೆನ್ನಹಿಂದೆಯೇ ಹೋದ.

"ಕೈ ಬಂದಿದೆ ಅತ್ತೆ. ಆದ್ರೆ ಆ ದೃಶ್ಯ ನನ್ನ ಕೈಲಿ ಬರ್ತಿಲ್ಲ. ಬೆಳಿಗ್ಗೆಯೆಲ್ಲ ಮಾಡಿ ನೋಡಿದೆ."

ಬಾಯಿಮಾತಿಗೆ ಹೇಳುತ್ತಿರಬಹುದೇ ಎಂದು ಆಕೆ ಅವನ ಮುಖವನ್ನೇ ದಿಟ್ಟಿಸಿದರು. ಆಮೇಲೆ ಒಲೆ ಆರಿಸಿ, ಸೆರಗಿಗೆ ಕೈಯೊರೆಸಿಕೊಂಡು ವಾದ್ಯದ ಕಡೆ ಹೊರಟರು.

ಮುಂದಿನ ಪ್ರದರ್ಶನಕ್ಕೆ ಹೆಂಡತಿ ರಜೆ ಹಾಕಿ ಬಂದಳು. ಮನೆಗೆ ನಡೆದು ಬರುವಾಗ, ಹೊಸ ನಾಟಕದ ಮಳೆಯ ದನಿ ಎಷ್ಟು ಮಬ್ಬಿರಬೇಕೆಂದು ತಾಯಿಯೂ ಗಂಡನೂ ದಾರಿಯುದ್ದಕ್ಕೂ ವಾದ ಮಾಡುತ್ತಲೇ ಇದ್ದರು. ನಡುವೆ ಬಾಯಿ ಹಾಕಲು ಅವಳಿಗೆ ಸಂದೇ ಸಿಗಲಿಲ್ಲ. ಅವಳು ಒಂದು ಹೆಜ್ಜೆ ಹಿಂದೆ ಉಳಿದು, ಕೇಳಿಸಿಕೊಳ್ಳುತ್ತ, ಮನಸ್ಸು ತುಂಬಿ ನಡೆದಳು.