ಹನ್ನೊಂದಕ್ಕೆ ಒಂಬತ್ತು ಕೂಡಿದ್ದು

ಇಂಥ ವಿಷಯ ಬರೆಯುವ ಅರ್ಹತೆ ನನಗಿಲ್ಲವೆಂದು ಗೊತ್ತು. ದೇವರಿದ್ದಾನೆಯೇ, ಇದ್ದರೆ ನಮ್ಮ ದಿನದ ಬದುಕಿಗೆ ಅದರಿಂದ ಏನು ಎಂಬುದರ ಬಗ್ಗೆ ತಿಳಿದವರು ಬೇಕಾದಷ್ಟು ಬರೆದಿದ್ದಾರೆ. ನಾನು ಹಗಲು ದುಡಿದು ಸಂಜೆ ತರಗತಿಯಲ್ಲಿ ಓದಿದವಳು, ಅದೂ ಅರ್ಧ ತೂಕಡಿಸಿಕೊಂಡು. ತಪ್ಪಿದ್ದರೆ ಕ್ಷಮಿಸಬೇಕು. ನನಗೆ ಹೇಳಲಿಕ್ಕಿರುವುದು ಒಂದು ದಿನದ ಸಂಗತಿ ಮಾತ್ರ. ಅದನ್ನೂ ನನಗೆ ಅನುಕೂಲವಾಗುವಂತೆ ತಿರುಚುತ್ತಿದ್ದೇನೋ ಎಂಬ ಅನುಮಾನದಿಂದ ಮೂರು ಸಲ ಹರಿದು ಬರೆದಿದ್ದೇನೆ.

ನನ್ನ ಕೆಲಸ ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಆಪರೇಷನ್‌ಗೆ ಬಳಸಿದ ಕತ್ತರಿ, ಚಿಮುಟ, ಬಟ್ಟೆಗಳು ಒಂದು ಬಾಗಿಲಿಂದ ಒಳಗೆ ಬರುತ್ತವೆ. ತೊಳೆದು, ಒಣಗಿಸಿ, ಎರಡು ಪದರ ಬಟ್ಟೆಯಲ್ಲಿ ಗಂಟು ಕಟ್ಟಿ, ಹಬೆಯ ಯಂತ್ರದೊಳಗಿಟ್ಟು ಅದರ ಬಾಗಿಲನ್ನು ಬಿಗಿಯುತ್ತೇವೆ. ಒತ್ತಡ ಏರಿದ ಮೇಲೆ ಇಪ್ಪತ್ತು ನಿಮಿಷ. ಆಮೇಲೆ ಗಂಟುಗಳು ಗೋಡೆಯ ಕಿಂಡಿಯಿಂದ ಆಚೆಗೆ, ಅಲ್ಲಿಂದ ಮೇಲಕ್ಕೆ. ಕೋಣೆಗೆ ಕಿಟಕಿಯಿಲ್ಲ. ಟೋಪಿ, ಮುಸುಕು, ಕೈಗವಸು ಹಾಕಿಕೊಂಡು ಒಳಗೆ ಬಂದರೆ ಊಟದ ಹೊತ್ತಿನವರೆಗೆ ಹೊರಗೆ ಕಾಲಿಡುವಂತಿಲ್ಲ. ಇಟ್ಟರೆ ಎಲ್ಲವನ್ನೂ ಕಳಚಿ, ತೊಳೆದುಕೊಂಡು, ಹೊಸದಾಗಿ ತೊಡಬೇಕು. ಮುಸುಕಿನೊಳಗೆ ನಮ್ಮ ಉಸಿರು ನಮಗೇ ವಾಪಸು ಬರುತ್ತಿರುತ್ತದೆ.

ಪ್ರತಿ ಸಲ ಯಂತ್ರ ಓಡಿದಾಗ ರಿಜಿಸ್ಟರಿನಲ್ಲಿ ಎರಡು ಸಹಿ ಬೀಳಬೇಕು. ಓಡಿಸಿದವರದ್ದೊಂದು, ಕೊನೆಯವರೆಗೂ ಪಕ್ಕದಲ್ಲಿ ನಿಂತು ಒತ್ತಡದ ಮುಳ್ಳು ನೋಡಿದವರದ್ದೊಂದು. ನೋಡುವವರು ದೊಡ್ಡಕ್ಕ. ಅವರು ನನಗೆ ಸಂಬಂಧವಲ್ಲ, ಆದರೆ ಹನ್ನೆರಡು ವರ್ಷ ಕೆಲಸ ಕಲಿಸಿದವರು. ಅವರ ಗಂಡ ಪಾರ್ಶ್ವವಾಯು ಹೊಡೆದು ಇದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಮಲಗಿದ್ದರು. ಸಿಬ್ಬಂದಿಯ ಮನೆಯವರೆಂದು ಸಿಕ್ಕ ಹಾಸಿಗೆ ಅದು. ಎರಡು ಗಂಟೆಗೊಮ್ಮೆ ಅವರ ಮಗ್ಗುಲು ಬದಲಿಸಲು ದೊಡ್ಡಕ್ಕ ಓಡಬೇಕಿತ್ತು. ಹಾಗಾಗಿ ಬೆಳಿಗ್ಗೆ ಬಂದವರೇ ಇಡೀ ದಿನದ ಸಾಲುಗಳಿಗೆ ಒಟ್ಟಿಗೆ ಸಹಿ ಹಾಕಿಬಿಡುತ್ತಿದ್ದರು. ಅದರ ಬಗ್ಗೆ ನಾನು ಮಾತೆತ್ತುತ್ತಿರಲಿಲ್ಲ, ಅವರೂ ಎತ್ತುತ್ತಿರಲಿಲ್ಲ.

ಯಂತ್ರದ ಬಾಗಿಲು ಬಿಗಿಯುವ ಮೊದಲು ದೊಡ್ಡಕ್ಕ ಕಣ್ಣು ಮುಚ್ಚಿ ಏನೋ ಗೊಣಗುತ್ತಿದ್ದರು.

“ಯಾರಿಗೆ ಹೇಳ್ತೀರಕ್ಕ? ಯಂತ್ರಕ್ಕೆ ಕಿವಿ ಇದ್ಯಾ?” ಎಂದು ನಾನು ಕೆಣಕುತ್ತಿದ್ದೆ.

“ಮೇಲಿರೋನಿಗೆ ಕಣೇ. ಅವನಿಗೊಂದು ಮಾತು ಹೇಳಿ ಬಿಟ್ರೆ ನಾನು ಆರಾಮ. ನೀನು ನೋಡು, ದೇವರಿಲ್ಲ ಅಂತೀಯ, ಆದ್ರೆ ದಿನಕ್ಕೆ ಹತ್ತು ಸಲ ಮುಳ್ಳು ನೋಡ್ತೀಯ. ಇಲ್ಲದೋನಿಗೆ ಇಷ್ಟು ಹೆದರೋರನ್ನ ನಾ ಕಂಡಿಲ್ಲ!”

ದೇವರಿದ್ದರೂ ಇಲ್ಲದಿದ್ದರೂ ಹಬೆಗೆ ಇಪ್ಪತ್ತು ನಿಮಿಷವೇ ಬೇಕು ಎಂದಷ್ಟೇ ನಾನು ನಂಬಿದ್ದೆ.

ಆ ದಿನ ಹತ್ತೂವರೆಗೆ ಆರು ಗಂಟು ಒಳಗಿದ್ದವು. ದೊಡ್ಡಕ್ಕ ಮೂರನೇ ಮಹಡಿಯಲ್ಲಿದ್ದರು. ಹನ್ನೊಂದು ನಿಮಿಷವಾದಾಗ ಕರೆಂಟು ಹೋಯಿತು. ಜನರೇಟರ್ ಹಿಡಿಯಲು ಮೂರು ನಿಮಿಷ ಬೇಕಾಯಿತು, ಮುಳ್ಳು ಕೆಳಗಿಳಿಯಿತು. ಹೀಗಾದರೆ ಮೊದಲಿಂದ ಇಪ್ಪತ್ತು ಎಣಿಸಬೇಕು, ಅದೇ ನಿಯಮ. ಹಿಂದಿನ ವಾರ ಹಾಗೆಯೇ ಎಣಿಸಿ, ಮೇಲೆ ರೋಗಿಯನ್ನು ಕಾಯಿಸಿದೆನೆಂದು ಎಲ್ಲರೆದುರು ಬೈಸಿಕೊಂಡಿದ್ದೆ. ಅಷ್ಟರಲ್ಲಿ ಫೋನು. ಆಪರೇಷನ್ ಥಿಯೇಟರಿನ ಸಿಸ್ಟರ್.

“ಏನಮ್ಮಾ, ಗಂಟು ಕಟ್ತಿದೀರೋ ಗಂಟು ಮೂಟೆ ಕಟ್ತಿದೀರೋ? ಪೇಷಂಟು ಟೇಬಲ್ ಮೇಲಿದಾರೆ!”

ಒತ್ತಡ ಮತ್ತೆ ಏರಿದ ಮೇಲೆ ನಾನು ಒಂಬತ್ತು ನಿಮಿಷ ಓಡಿಸಿದೆ. ಹನ್ನೊಂದಕ್ಕೆ ಒಂಬತ್ತು, ಒಟ್ಟು ಇಪ್ಪತ್ತು. ಕೂಡುವುದು ಕಲಿತ ಮಗುವಿನ ಲೆಕ್ಕ. ಗಂಟಿನ ಮೇಲಿನ ಟೇಪು ಕಪ್ಪಾಗಿತ್ತು. ಆದರೆ ಬಿಸಿ ತಾಕಿತೆಂದು ಮಾತ್ರ ಟೇಪು ಹೇಳುತ್ತದೆ, ಎಷ್ಟು ಹೊತ್ತು ನಿಂತಿತೆಂದು ಹೇಳುವುದಿಲ್ಲ. ನಾನು ಸಹಿ ಹಾಕಿದೆ. ಪಕ್ಕದಲ್ಲಿ ದೊಡ್ಡಕ್ಕನ ಸಹಿ ಬೆಳಿಗ್ಗೆಯಿಂದಲೇ ಕಾದಿತ್ತು.

ಆರು ಗಂಟೂ ಕಿಂಡಿ ದಾಟಿದವು.

ಊಟದ ಹೊತ್ತಿಗೆ ದೊಡ್ಡಕ್ಕನಿಗೆ ಹೇಳಿದೆ. ಅವರು ಡಬ್ಬಿಯ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದರು.

“ಯಾರು ನೋಡಿದ್ರು?”

“ಯಾರೂ ಇಲ್ಲ.”

“ಹಾಗಾದ್ರೆ ಬಿಡು. ಒಂಬತ್ತು ನಿಮಿಷದ ಹಬೆ ಕಮ್ಮಿಯೇನಲ್ಲ. ಅವನ ಮೇಲೆ ಭಾರ ಹಾಕು, ಕಾಪಾಡ್ತಾನೆ.”

“ಹಾಕೋಕೆ ನಂಗೆ ಯಾರೂ ಇಲ್ವಲ್ಲಕ್ಕ.”

“ನಂಗಿದಾನಲ್ಲ, ನಿನ್ನ ಪಾಲಿಂದೂ ನಾನೇ ಹಾಕ್ತೀನಿ,” ಎಂದು ನಕ್ಕರು. ಆಮೇಲೆ ನಗು ನಿಂತಿತು. “ನೀನು ಬಾಯಿ ಬಿಟ್ರೆ ರಿಜಿಸ್ಟರ್ ತೆಗೀತಾರೆ. ತೆಗೆದ್ರೆ ನಾನು ಮುಗಿದೆ. ನಾನು ಹೋದ್ರೆ ಅವರ ಹಾಸಿಗೆನೂ ಹೋಯ್ತು. ತಿಳೀತಾ ತಂಗಿ?”

ತಿಳಿಯಿತು. ತಿಳಿದದ್ದೇ ಕಷ್ಟವಾಯಿತು. ಒಂದು ಕಡೆ ಮೂರನೇ ಮಹಡಿಯಲ್ಲಿ ಮಗ್ಗುಲಾಗಲಾರದ ಮನುಷ್ಯ, ನಾನು ಹಣ್ಣು ತೆಗೆದುಕೊಂಡು ಹೋದರೆ ಕಣ್ಣಲ್ಲೇ ನಗುತ್ತಿದ್ದವರು. ಇನ್ನೊಂದು ಕಡೆ ಟೇಬಲ್ ಮೇಲೆ ಮುಖವಿಲ್ಲದ ಯಾರೋ. ಆ ಯಾರೋ ಯಾರೂ ಅಲ್ಲವೆಂದು ನನಗೆ ನಾನೇ ಎಷ್ಟೋ ಹೊತ್ತು ಹೇಳಿಕೊಂಡೆ. ಹೋದ ವರ್ಷ ನಮ್ಮತ್ತೆಯ ಮಂಡಿ ಕೊಯ್ದದ್ದು ಇದೇ ಕೋಣೆಯ ಗಂಟುಗಳಿಂದ. ಆ ದಿನ ಅವರೂ ಯಾರಿಗೋ ಯಾರೂ ಅಲ್ಲದವರಾಗಿದ್ದರು.

ಎರಡು ಗಂಟೆಗೆ ಫೋನು ಎತ್ತಿ ಸಿಸ್ಟರಿಗೆ, “ಹನ್ನೊಂದು ಗಂಟೆಗೆ ಕಳಿಸಿದ ಗಂಟುಗಳು ಅನುಮಾನ, ತೆರೀಬೇಡಿ,” ಎಂದೆ. ಒಂದು ಆಗಲೇ ಬಳಕೆಯಾಗಿತ್ತು. ಐದು ಉಳಿದಿದ್ದವು.

ಹತ್ತು ನಿಮಿಷದಲ್ಲಿ ಸೂಪರ್‌ವೈಸರ್ ಕೆಳಗಿಳಿದು ಬಂದರು. ಜೇಬಿನಲ್ಲಿ ಸದಾ ರಬ್ಬರ್ ಸ್ಟಾಂಪ್ ಇಟ್ಟುಕೊಂಡಿರುವುದರಿಂದ ಬೆನ್ನ ಹಿಂದೆ ಅವರನ್ನು ‘ಮುದ್ರೆ’ ಎನ್ನುತ್ತೇವೆ. ಕೆಟ್ಟವರಲ್ಲ. ರಿಜಿಸ್ಟರ್ ಮೇಜಿನ ಮೇಲೆ ತೆರೆದಿತ್ತು. ಅದರ ಕೆಳಗಿನ ಅರ್ಧದ ಮೇಲೆ ದೊಡ್ಡಕ್ಕನ ಅಂಗೈ ಹರಡಿಕೊಂಡಿತ್ತು.

“ಹನ್ನೊಂದರ ಲೋಡ್ ಯಾರು ನೋಡಿದ್ದು?”

“ನಾನೇ ಸಾರ್,” ಎಂದರು ದೊಡ್ಡಕ್ಕ. “ಕರೆಂಟು ಹೋಯ್ತು, ನಿಜ. ಇವಳು ಮೊದಲಿಂದ ಓಡಿಸಿದ್ಳು. ಪೂರ್ತಿ ಇಪ್ಪತ್ತು ನಿಮಿಷ. ನಾನು ಇಲ್ಲೇ ನಿಂತಿದ್ದೆ.”

“ಮತ್ತೆ ಅನುಮಾನ ಅಂತ ಫೋನ್ ಮಾಡಿದ್ದು?”

“ಇವಳ ಸ್ವಭಾವ ನಿಮಗೆ ಗೊತ್ತಲ್ಲ ಸಾರ್, ಹಗ್ಗ ಕಂಡ್ರೂ ಹಾವು. ದೇವರಾಣೆ ಹೇಳ್ತೀನಿ, ಇಪ್ಪತ್ತು ಆಗಿದೆ. ನನ್ನ ಗಂಡನ ಮೇಲೆ ಆಣೆ.”

ನಾನು ಅವರ ಮುಖ ನೋಡಿದೆ. ಮುಸುಕಿನ ಮೇಲೆ ಕಣ್ಣುಗಳಷ್ಟೇ ಕಾಣುತ್ತಿದ್ದವು. ಕೇಳುತ್ತಾನೆಂದು ನಿಜಕ್ಕೂ ನಂಬಿದವನ ಹೆಸರಿನಲ್ಲಿ ಆ ಹೆಂಗಸು ಸುಳ್ಳು ಹೇಳುತ್ತಿದ್ದಳು, ಮತ್ತು ಅದರ ದಂಡವನ್ನು ತಾನು ಅತ್ಯಂತ ಪ್ರೀತಿಸುವವರ ತಲೆಗೇ ಕಟ್ಟಿದ್ದಳು. ನನಗಾದರೆ ಅದು ಬರೀ ಗಾಳಿಗೆ ಹೋಗುವ ಮಾತು. ಆದರೂ ನಾನು ತಲೆಯೆತ್ತಿ ಚಾವಣಿಯ ಕಡೆ ನೋಡಿದೆ.

ಮುದ್ರೆಯವರು ಮೆತ್ತಗಾದರು. ಆಣೆಯ ಮೇಲೆ ಇನ್ನೊಂದು ಪ್ರಶ್ನೆ ಕೇಳುವವರಲ್ಲ. ಫೋನು ಎತ್ತಿಕೊಂಡು ನನ್ನ ಕಡೆ ತಿರುಗಿದರು. “ಮೂರಕ್ಕೆ ಇನ್ನೊಂದು ಕೇಸ್ ಇದೆ. ಗಂಟು ತೆರೀಬಹುದು ಅಂತ ಹೇಳ್ಲಾ? ಹೂಂ ಅನ್ನಮ್ಮ, ಸಾಕು.”

ಒಂದು ‘ಹೂಂ’. ಹಿಂದೆ ಯಂತ್ರ, ಮುಂದೆ ಮೇಜು, ಪಕ್ಕದಲ್ಲಿ ದೊಡ್ಡಕ್ಕ.

“ಒಂಬತ್ತೇ ನಿಮಿಷ ಸಾರ್. ನಾನು ಕೂಡಿಸಿಬಿಟ್ಟೆ.”

ಅವರು ದೊಡ್ಡಕ್ಕನನ್ನು ನೋಡಿದರು. ಮತ್ತೆ ನನ್ನನ್ನು. ಫೋನಿನಲ್ಲಿ, “ಐದೂ ವಾಪಸ್ ಕಳಿಸಿ, ಮೂರರ ಕೇಸ್ ನಿಲ್ಲಿಸಿ,” ಎಂದು ಇಟ್ಟರು. ಆಮೇಲೆ ಮೃದುವಾಗಿಯೇ, “ಕೈ ತೆಗೀರಮ್ಮ,” ಎಂದರು.

ದೊಡ್ಡಕ್ಕ ತೆಗೆದರು. ಮೂರು ಗಂಟೆಯ ಸಾಲು, ನಾಲ್ಕರ ಸಾಲು, ಐದರ ಸಾಲು. ಇನ್ನೂ ಓಡದ ಯಂತ್ರಕ್ಕೆ ಬಿದ್ದ ಸಹಿಗಳು.

ದೊಡ್ಡಕ್ಕ ನನ್ನನ್ನು ಬೈಯಲಿಲ್ಲ. ಕೈಗವಸು ಕಳಚುತ್ತ ಒಂದೇ ಮಾತು ಅಂದರು. “ನಿಂಗೇನೇ, ನೀನು ಯಾರಿಗೂ ಉತ್ತರ ಕೊಡಬೇಕಿಲ್ಲ. ನಾನು ಆಣೆ ಬೇರೆ ಹಾಕಿಬಿಟ್ಟೆ.”

ಅವರನ್ನು ಕೆಲಸದಿಂದ ತೆಗೆದರು. ನನ್ನನ್ನು ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು, ಅಲ್ಲೂ ಕಿಟಕಿಯಿಲ್ಲ. ಆ ವಾರವೇ ಅವರ ಗಂಡನನ್ನು ಮನೆಗೆ ಕರೆದೊಯ್ದರಂತೆ. ಎರಡು ಸಲ ಅವರ ಮನೆಯ ಬೀದಿಯವರೆಗೆ ಹೋಗಿ ಹಿಂದಿರುಗಿದ್ದೇನೆ. ನಮ್ಮನೆಯವರು, “ಸತ್ಯ ಹೇಳ್ದೋಳು ಕಳ್ಳರ ಹಾಗೆ ಯಾಕೆ ಸುತ್ತಾಡ್ತೀಯ?” ಎನ್ನುತ್ತಾರೆ.

ಮೊದಲ ಗಂಟು ಯಾರಿಗೆ ಬಳಕೆಯಾಯಿತೋ ಆ ರೋಗಿಗೆ ಏನಾಯಿತೋ ನನಗೆ ಗೊತ್ತಿಲ್ಲ. ಕೇಳಿದರೂ ನಮ್ಮಂಥವರಿಗೆ ಹೇಳುವುದಿಲ್ಲ. ದೊಡ್ಡಕ್ಕನ ಗಂಡ ಈಗ ಹೇಗಿದ್ದಾರೋ ಗೊತ್ತಿಲ್ಲ. ನನಗೆ ದೇವರಲ್ಲಿ ನಂಬಿಕೆ ಇದ್ದಿದ್ದರೆ ಅಂದು ಬೇಗ ಬಾಯಿ ಬಿಡುತ್ತಿದ್ದೆನೋ, ಅವನ ಮೇಲೆ ಭಾರ ಹಾಕಿ ‘ಹೂಂ’ ಎನ್ನುತ್ತಿದ್ದೆನೋ, ಅದೂ ಗೊತ್ತಿಲ್ಲ.